ಫ್ಯೂಸ್ ಬದಲಾಯಿಸಿದ ಮೇಲೆ

ಅಪ್ಪಾ,

ಅಮ್ಮ ಹೇಳಿದಳೆಂದು ಇವತ್ತು ನಿಮ್ಮ ಆಂಪ್ಲಿಫೈಯರ್ ಆನ್ ಮಾಡಿದೆ. ನೀವು ಹೋದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ನಿಮ್ಮ ಪಿಟೀಲಿನ ರೆಕಾರ್ಡ್ ಹಾಕಿದರೆ, ಮೊದಲ ಸ್ವರಕ್ಕೇ ಕಿಟಕಿಯ ಗಾಜು ಅದುರಿತು. ವಾಲ್ಯೂಮ್ ನೀವು ಬಿಟ್ಟಲ್ಲೇ, ಕೊನೆಯ ಗೆರೆಯಲ್ಲಿತ್ತು.

“ಕೊನೇ ಎರಡು ವರ್ಷ ಅವ್ರು ಹೀಗೇ ಇಡ್ತಿದ್ರು. ನಂಗೆ ಅಭ್ಯಾಸ ಆಗ್ಬಿಟ್ಟಿತ್ತು,” ಎಂದಳು ಅಮ್ಮ.

ಅದೇ ಎರಡು ವರ್ಷ ನೀವು, ಸದ್ದು ಸ್ಪಷ್ಟವಾಗುತ್ತದೆಂದು ನಂಬಿ ದುಬಾರಿ ಫ್ಯೂಸ್‌ಗಳನ್ನು ತರಿಸಿ ನನ್ನಿಂದ ಹಾಕಿಸಿ, “ಈಗ ಸ್ವಲ್ಪ ಸ್ಪಷ್ಟ ಆಯ್ತಲ್ವೇನೋ?” ಎಂದು ಕೇಳುತ್ತಿದ್ದಿರಿ. ನಾನೋ ಎಲೆಕ್ಟ್ರಿಷಿಯನ್; ಒಮ್ಮೆ ಗುಟ್ಟಾಗಿ ಹಳೆಯ ಫ್ಯೂಸನ್ನೇ ಹಾಕಿಟ್ಟೆ. ಸ್ಪಷ್ಟವಾಯಿತೆಂದು ನೀವು ತಲೆದೂಗಿದ ಮೇಲೆ ಭಾವನ ಮುಂದೆ ತೆಗೆದು ತೋರಿಸಿ ನಕ್ಕೆ. ನೀವೂ ನಕ್ಕಿರಿ. ಆಮೇಲೆ ಕೇಳಲಿಲ್ಲ.

ಫ್ಯೂಸಿನಿಂದ ಸದ್ದು ಬದಲಾಗುವುದಿಲ್ಲ, ಅಪ್ಪಾ. ಈಗಲೂ ಅದನ್ನೇ ಹೇಳುತ್ತೇನೆ. ಆಂಪ್ಲಿಫೈಯರನ್ನು ಮೂರು ಸಲ ಬಿಚ್ಚಿ ಪರೀಕ್ಷಿಸಿದ್ದೆ. ನಿಮ್ಮನ್ನು ಕಿವಿ ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ.