ಅತ್ತಿಯವರ ಮಸಾಜ್ ಖುರ್ಚಿ

ನೌಬಾದ, ಬೀದರ

ಹಲಬರ್ಗಾದ ಮಾವನವರಿಗೆ ಶರಣು.

ನೀವು ಫೋನ್ ಎತ್ತವಲ್ರಿ ಅಂತ ಈ ಚೀಟಿ ಬರ್ದೀನಿ. ಅತ್ತಿಯವರ ಬೆನ್ನುನೋವಿಗಂತ ನೀವು ತಂದ ಮಸಾಜ್ ಖುರ್ಚಿ ಚಾಲೂ ಆಗವಲ್ದು. "ಇದು ಯಾಕ ಬೇಕಿತ್ತು?" ಅಂತ ಅವರು ಅಂದದ್ದಕ್ಕ ನೀವು ಸಿಟ್ಟಿಲೆ ಊರಿಗಿ ಹೋದ್ರಿ. ಆದರ ಅವರು ದಿನಾ ಅದರಾಗೇ ಕೂಡ್ತಿದ್ರು.

ಬ್ಯಾರೆ ಪ್ಲಗ್ಗಿಗಿ ಹಚ್ಚಿದೆ, ಫ್ಯೂಸ್ ನೋಡಿದೆ, ಎಲ್ಲಾ ಬರೋಬರಿ ಅದ. ಮೆಕ್ಯಾನಿಕನ್ನ ಕರೀತೀನಿ ಅಂದ್ರ ಅತ್ತಿಯವರು, "ಬ್ಯಾಡ, ತಂದವರೇ ಬಂದು ನೋಡಲಿ" ಅಂದ್ರು.

ಇವತ್ತು ಕಸ ಹೊಡಿವಾಗ ಖುರ್ಚಿ ಹಿಂದ ಒಂದು ಸಣ್ಣ ಸ್ವಿಚ್ ಕಂಡಿತು. ಬಂದ್ ಇತ್ತು. ಹಾಕ್ಲಿಕ್ಕಿ ಹೋದ್ರ ಅತ್ತಿಯವರು ನನ್ನ ಕೈ ಹಿಡಿದು, ಬ್ಯಾಡ ಅಂತ ತಲಿ ಅಲ್ಲಾಡಿಸಿದ್ರು. ನಾ ಸ್ವಿಚ್ ಹಂಗೇ ಬಿಟ್ಟೆ.

ಜಲ್ದಿ ಬಂದು ನೀವೇ ಹಾಕ್ರಿ. ನಾ ಹೇಳೀನಿ ಅಂತ ಅನಬ್ಯಾಡ್ರಿ.

ನಿಮ್ಮ ಸೊಸಿ,
ಆರತಿ