ನೀವು ಕೇಳಿದ ಸಹಿ

ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಯಜಮಾನರಿಗೆ, ನಿಮ್ಮ ಹೆಂಡತಿಯ ಎಡಗೈ ಮಾಡುವ ನಮಸ್ಕಾರಗಳು.

ಆರೋಗ್ಯವಾಗಿದ್ದೀರಾ? ಬೆನ್ನುನೋವು ಹೇಗಿದೆ? ಜೈಲಿನ ನೆಲ ತಣ್ಣಗಿರುತ್ತದಂತೆ, ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಸಿಕೊಳ್ಳಿ. ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡಿ. ಬಲಗೈಯಲ್ಲಿ ಈಗ ಉಳಿದಿರುವುದು ಹೆಬ್ಬೆರಳೊಂದೇ, ಅದೊಂದರಿಂದ ಪೆನ್ನು ಹಿಡಿಯಲಾಗುವುದಿಲ್ಲ. ಎಡಗೈಗೆ ನನ್ನಷ್ಟೇ ಮೂವತ್ತೆಂಟು ವಯಸ್ಸಾದರೂ ಬರವಣಿಗೆಯಲ್ಲಿ ಇನ್ನೂ ಒಂದನೇ ಕ್ಲಾಸು. ಬೆಳಗಿನಿಂದ ಕೂತು ಇಷ್ಟು ಬರೆದಿದ್ದೇನೆ. ನಡುನಡುವೆ ಎದ್ದು ಅತ್ತೆಗೆ ಊಟಕ್ಕೆ ಬಡಿಸಿ ಬಂದೆ, ಅದನ್ನೂ ಎಡಗೈಯಲ್ಲೇ.

ನಿಮ್ಮ ಪತ್ರ ಹೋದ ತಿಂಗಳು ತಲುಪಿತು. ಆರು ಪುಟ! ಹದಿನೈದು ವರ್ಷದ ಸಂಸಾರದಲ್ಲಿ ನೀವು ನನ್ನ ಜೊತೆ ಒಟ್ಟಿಗೆ ಇಷ್ಟು ಮಾತಾಡಿದ್ದೇ ಇಲ್ಲ. ಪ್ರತಿ ಪುಟದ ಮೇಲೂ ಜೈಲಿನ ಆಫೀಸಿನವರು ಓದಿ, ತಾರೀಕು ಹಾಕಿ, ಮೊಹರು ಒತ್ತಿದ್ದಾರೆ. ‘ನಿನ್ನ ಕಾಲು ಹಿಡ್ಕೋತೀನಿ ಕಣೇ’ ಎಂದು ಬರೆದಿದ್ದೀರಿ. ಕೈ ಮುಗಿಸಿದ ಮೇಲೆ ಕಾಲಿಗೆ ಬಂದಿರಲ್ಲ ಎಂದು ನಗು ಬಂತು. ಆಮೇಲೆ ಆ ಸಾಲು. ‘ಅವತ್ತು ನಾನು ಕೂಗ್ಲಿಲ್ಲ, ನಿಜ. ನಿನ್ನ ಕೈ ಒಳಗಿರೋದು ಕಾಣ್ತಾ ಇತ್ತು. ಕೋಪದಲ್ಲಿ ಎಳೆದುಬಿಟ್ಟೆ.’ ಅದನ್ನು ಮತ್ತೆ ಮತ್ತೆ ಓದಿದೆ. ಎರಡು ವರ್ಷದಿಂದ ಎಲ್ಲರೂ ನನ್ನನ್ನು ಸುಳ್ಳಿ ಎಂದಿದ್ದರು, ಕೊನೆಕೊನೆಗೆ ನನಗೇ ಅನುಮಾನ ಬಂದಿತ್ತು.

ಒಂದು ರಾಜಿ ಕಾಗದದ ಮೇಲೆ ಸಹಿ ಹಾಕು, ಮೇಲಿನ ಕೋರ್ಟಿನಲ್ಲಿ ಬಿಟ್ಟುಬಿಡುತ್ತಾರೆ ಎಂದು ಕೇಳಿದ್ದೀರಿ. ಅದನ್ನು ಕೇಳಲು ವಕೀಲರಮ್ಮನ ಹತ್ತಿರ ಹೋಗಿದ್ದೆ. ನಮ್ಮ ಕೆಲಸದ ರೀತಿಯನ್ನು ಮತ್ತೆ ಮೊದಲಿನಿಂದ ವಿವರಿಸಿದೆ. ಒಬ್ಬರು ಕಾಗದದ ಕಟ್ಟನ್ನು ಕಟಿಂಗ್ ಮೆಷಿನ್ನಿನ ಅಲಗಿನ ಕೆಳಗೆ ಸರಿಯಾಗಿ ಜೋಡಿಸಬೇಕು, ಇನ್ನೊಬ್ಬರು ಹಿಡಿ ಎಳೆಯಬೇಕು. ಎಳೆಯುವವರು ಮೊದಲು ‘ಕೈ’ ಎಂದು ಕೂಗಬೇಕು. ಜೋಡಿಸುವವರು ‘ತೆಗೆದೆ’ ಎಂದ ಮೇಲೇ ಅಲಗು ಇಳಿಯಬೇಕು. ಹದಿಮೂರು ವರ್ಷ ನೀವು ಒಂದು ದಿನವೂ ಕೂಗುವುದನ್ನು ಮರೆತವರಲ್ಲ. ಮೊದಮೊದಲು ‘ಕೈ’ ಎಂದು ನನ್ನ ಮುಖ ನೋಡುತ್ತಿದ್ದಿರಿ. ಬೇಕೆಂದೇ ತಡಮಾಡಿ ‘ತೆಗೆದೆ’ ಎನ್ನುತ್ತಿದ್ದೆ, ಅಷ್ಟು ಹೊತ್ತು ನೋಡಲಿ ಎಂದು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ನೀವೆಂದರೆ ಪ್ರಾಣವಾಗಿತ್ತು. ಆ ದಿನ ನಾನು ಮಾಡಿದ ತಪ್ಪೆಂದರೆ ಗಿರಾಕಿಯ ಎದುರಿಗೆ ‘ಅಂಚು ಸೊಟ್ಟ ಹೋಗಿದೆ ರೀ’ ಎಂದದ್ದು. ಸೊಟ್ಟ ಹೋಗಿತ್ತು ರೀ. ಆ ಪುಸ್ತಕ ಈಗಲೂ ಇಲ್ಲೇ ಕಪಾಟಿನಲ್ಲಿದೆ.

ನೀವು ಕೋರ್ಟಿನಲ್ಲಿ ಹೇಳಿದ್ದೇ ಬೇರೆ. “ನಾನು ಕೂಗಿದೆ, ಅವಳು ‘ತೆಗೆದೆ’ ಅಂದಳು, ಎಳೆದೆ” ಎಂದಿರಿ. ಗಿರಾಕಿ ಹೋದ ಮೇಲೆ ಅಂಗಡಿಯಲ್ಲಿ ಇದ್ದ ಇನ್ನೊಬ್ಬರೆಂದರೆ ಅತ್ತೆ. ಬಾಗಿಲು ಮುರಿಯುವ ಹಾಗೆ ಬಡಿದರೂ ಕೇಳಿಸದ ನಿಮ್ಮ ತಾಯಿಗೆ ಅವತ್ತು ಎರಡು ಮಾತೂ ಸ್ಪಷ್ಟವಾಗಿ ಕೇಳಿಸಿತ್ತು. ಹಾಗಾಗಿ ಬೇಕೆಂದೇ ಮಾಡಿದ್ದು ಎಂದು ಸಾಬೀತಾಗಲಿಲ್ಲ, ಬರೀ ಅಜಾಗರೂಕತೆ ಎಂದು ಎರಡೇ ವರ್ಷ ಕೊಟ್ಟರು. ಅದರಲ್ಲೂ ತೀರ್ಪಿಗೆ ಮುಂಚೆ ನೀವು ಒಳಗಿದ್ದ ಎಂಟು ತಿಂಗಳನ್ನು ಕಳೆಯುತ್ತಾರಂತೆ. ನಾಲ್ಕು ಬೆರಳಿಗೆ ಭಾಗ ಹಾಕಿ ನೋಡಿದೆ, ಬೆರಳಿಗೆ ಆರು ತಿಂಗಳೂ ಬೀಳಲಿಲ್ಲ. ನಿಮಗೆ ಅದೂ ಹೆಚ್ಚಾಯಿತು, ಅಪೀಲು ಹಾಕಿದಿರಿ. ಅದರ ವಿಚಾರಣೆಯ ದಿನ ನನ್ನ ಮಾತನ್ನೂ ಕೇಳುತ್ತಾರೆ ಎಂದು ವಕೀಲರಮ್ಮ ಹೇಳಿದರು. ಪೆಟ್ಟು ತಿಂದವಳಿಗೂ ಕೋರ್ಟಿನಲ್ಲಿ ಒಂದು ಜಾಗ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಬರೀ ಸಾಕ್ಷಿ ಹೇಳಿ ಮನೆಗೆ ಹೋಗುವವಳು ಎಂದುಕೊಂಡಿದ್ದೆ.

ನಿಮ್ಮ ಪತ್ರವನ್ನು ಅತ್ತೆಗೂ ಓದಿ ಹೇಳಿದೆ. ಮೊದಲ ಸಲ ಕೇಳಿ ‘ತಾಯಿ ಅಲ್ವೇನಮ್ಮ, ಇನ್ನೇನು ಹೇಳ್ಲಿ ನಾನು’ ಎಂದು ಅತ್ತರು. ಅಂದಿನಿಂದ ದಿನಾ ಊಟವಾದ ಮೇಲೆ ಓದುತ್ತೇನೆ. ಕಿವಿ ಮಂದವಲ್ಲವೇ, ‘ಕೂಗ್ಲಿಲ್ಲ’ ಎನ್ನುವ ಜಾಗವನ್ನು ಮಾತ್ರ ಮೂರು ಸಲ ಜೋರಾಗಿ ಓದಬೇಕಾಗುತ್ತದೆ. ಈಗೀಗ ಅವರಿಗೆ ಊಟ ಸೇರುವುದಿಲ್ಲ. ನಿಮ್ಮ ತಾಯಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ, ನೀವು ಚಿಂತೆ ಮಾಡಬೇಡಿ.

ನೀವು ಕೇಳಿದ ಸಹಿಯನ್ನೂ ಹಾಕಿದ್ದೇನೆ. ಎಡಗೈ ಪಳಗಲಿ ಎಂದು ಒಂದು ನೋಟ್‌ಬುಕ್ ಪೂರ್ತಿ ಅಭ್ಯಾಸ ಮಾಡಿ, ನಿನ್ನೆ ವಕೀಲರಮ್ಮನ ಮೇಜಿನ ಮೇಲೆ ಹಾಕಿದೆ. ಚೆನ್ನಾಗಿ ಬಂದಿದೆ, ನೋಡಿದರೆ ನೀವೂ ಒಪ್ಪುತ್ತೀರಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬೆನ್ನಿಗೆ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ನಿಮ್ಮ ತಾಯಿ ಆಶೀರ್ವಾದ ತಿಳಿಸಲು ಹೇಳಿಲ್ಲ, ಆದರೂ ಇದೆ ಎಂದುಕೊಳ್ಳಿ.

ಇಂತಿ,
ನೀವು ಕೈಹಿಡಿದವಳು

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಾನು ಸಹಿ ಹಾಕಿದ್ದು ನನ್ನ ಅಪೀಲಿಗೆ. ದೊಡ್ಡ ಅಪರಾಧವನ್ನು ಚಿಕ್ಕದೆಂದು ತೀರ್ಪು ಕೊಟ್ಟರೆ ಪೆಟ್ಟು ತಿಂದವಳೂ ಮೇಲಿನ ಕೋರ್ಟಿಗೆ ಹೋಗಬಹುದಂತೆ. ನಿಮ್ಮ ಆರು ಪುಟಗಳನ್ನೂ ಅದರ ಜೊತೆಗೇ ಕೊಟ್ಟಿದ್ದೇನೆ. ‘ನಾನು ಬರೆದದ್ದಲ್ಲ’ ಎಂದು ನೀವು ಹೇಳುವ ಹಾಗಿಲ್ಲ, ಪುಟಪುಟಕ್ಕೂ ಜೈಲಿನ ಮೊಹರಿದೆ. ಅತ್ತೆಯೂ ಈ ಸಲ ನಿಜ ಹೇಳುತ್ತೇನೆ ಎಂದಿದ್ದಾರೆ. ಬೇಕೆಂದೇ ಮಾಡಿದ್ದು ಎಂದಾದರೆ ಹತ್ತು ವರ್ಷವಾದರೂ ಆಗಬಹುದಂತೆ. ಎರಡು ಅಪೀಲನ್ನೂ ಒಂದೇ ದಿನ ಕೇಳುತ್ತಾರೆ, ಇಪ್ಪತ್ತೆಂಟನೇ ತಾರೀಕು. ನೀವು ಅವತ್ತು ಕೂಗಲಿಲ್ಲ. ನಾನು ಹಾಗಲ್ಲ, ಮೊದಲೇ ಕೂಗುತ್ತಿದ್ದೇನೆ, ಕೇಳಿಸಿಕೊಳ್ಳಿ: ಕೈ!