ಚೈನಿಗೆ ಮಗ್ಗದ ಎಣ್ಣೆ

ಅಪ್ಪಾ,

ಗಜೇಂದ್ರಗಡದಿಂದ ಗೋಕರ್ಣಕ್ಕೆ ಹೊರಟ ಮೊದಲ ದಿನವೇ ಸೈಕಲ್ ಕೈಕೊಟ್ಟಿತು. ನರೇಗಲ್ಲಿನಲ್ಲಿ ಪಂಕ್ಚರ್ ಆಯಿತು. ಜಕ್ಕಲಿಯಲ್ಲಿ ಚೈನು ಬಿಗಿದು ಪೆಡಲ್ಲೇ ತಿರುಗಲಿಲ್ಲ. ರಿಪೇರಿ ಅಂಗಡಿಯ ಪ್ರಭುಲಿಂಗಪ್ಪನವರು ಚೈನು ಮುಟ್ಟಿ ಬೆರಳು ಮೂಸಿದರು.

"ಔಡಲೆಣ್ಣಿ! ಇದನ್ನ ಮಗ್ಗಕ್ಕ ಹಾಕ್ತಾರವಾ, ಚೈನಿಗಲ್ಲ. ಧೂಳೆಲ್ಲಾ ಅಂಟಿ ಕುಂತೈತಿ. ಯಾವ ಶಾಣ್ಯಾ ಹಾಕಿದ?"

"ನಾನ ಹಾಕೇನ್ರಿ," ಎಂದೆ.

ನೀನು ತೀರಿಕೊಳ್ಳುವ ಹಿಂದಿನ ವಾರ ಮಗ್ಗದ ಎಣ್ಣೆಗಿಂಡಿ ಹಿಡಿದು ಸೈಕಲ್ ಪಕ್ಕ ಕೂತಿದ್ದೆ. "ಮುಟ್ಟಬ್ಯಾಡಂದ್ರ ಮುಟ್ಟಬ್ಯಾಡ!" ಎಂದು ನಾನು ಒದರಿದ್ದೆ. ನೀನು ಗಿಂಡಿ ಎತ್ತಿಕೊಂಡು ಎದ್ದು ಹೋದೆ. ಅಷ್ಟರಲ್ಲಿ ನೀನು ಎಣ್ಣೆ ಹಾಕಿ ಮುಗಿಸಿದ್ದೆ ಎಂದು ಇವತ್ತು ತಿಳಿಯಿತು.

ಪ್ರಭುಲಿಂಗಪ್ಪನವರು ಆ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ, ಡೀಸೆಲ್‌ನಲ್ಲಿ ಚೈನು ತೊಳೆದುಕೊಟ್ಟರು. ರೋಣದವರೆಗೆ ಸೈಕಲ್ ಸದ್ದಿಲ್ಲದೆ ಓಡಿತು.

ಬಟ್ಟೆಯನ್ನು ಎಸೆಯಲು ನಾನು ಬಿಡಲಿಲ್ಲ. ಬ್ಯಾಗಿನಲ್ಲಿದೆ.